ಶಿಶುಗಳ ಹಾಗೂ ಚಿಕ್ಕ ಮಕ್ಕಳ ಆರಂಭಿಕ ದೃಷ್ಟಿ ತಪಾಸಣೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಹುಟ್ಟಿದ ದಿನದಿಂದ ಆರು ವರ್ಷದವರೆಗಿನ ಮಕ್ಕಳ ಕಣ್ಣಿನ ತಪಾಸಣೆಯನ್ನು ಎಲ್ಲಿ, ಯಾವಾಗ ಮತ್ತು ಹೇಗೆ ಮಾಡಿಸಬೇಕೆಂಬ ವಿವರಗಳನ್ನು ಬೆಳಗಾವಿ ಜಿಲ್ಲೆಯ ಮೇಲ್ಕಂಡ ಐದು ತಾಲ್ಲೂಕುಗಳ ಪಾಲಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ. ಅವಧಿಗೆ ಮುನ್ನ ಜನಿಸಿದ ಅಥವಾ ಕಡಿಮೆ ತೂಕದ ಶಿಶುಗಳ ಪಾಲಕರು ಮೊದಲನೆಯ ಎರಡು ಭಾಗಗಳನ್ನು ತಪ್ಪದೆ ಓದಬೇಕಾಗಿ ಕೋರಲಾಗಿದೆ. ಉಳಿದ ಸೇವೆಗಳಲ್ಲಿ ಕೆಲವು ವಾರಗಳ ವಿಳಂಬವಾದರೂ ಸರಿಪಡಿಸಲು ಅವಕಾಶವಿರುತ್ತದೆ. ಈ ಶಿಶುಗಳ ವಿಷಯದಲ್ಲಿ ಅಂತಹ ಅವಕಾಶ ಇರುವುದಿಲ್ಲ.

ಅವಧಿಗೆ ಮುನ್ನ ಜನಿಸಿದ ಶಿಶುಗಳು: ಮೂವತ್ತು ದಿನಗಳ ಗಡುವು

ತಾಯಿಯ ಗರ್ಭದಲ್ಲಿ ಶಿಶುವಿನ ಕಣ್ಣಿನ ಹಿಂಭಾಗದ ಪದರಕ್ಕೆ, ಅಂದರೆ ಅಕ್ಷಿಪಟಲಕ್ಕೆ, ರಕ್ತನಾಳಗಳು ನಿಧಾನವಾಗಿ ಹಬ್ಬುತ್ತವೆ. ಈ ಬೆಳವಣಿಗೆ ಪೂರ್ಣಗೊಳ್ಳುವುದು ಒಂಬತ್ತು ತಿಂಗಳು ತುಂಬುವ ವೇಳೆಗೆ. ಏಳು ಅಥವಾ ಎಂಟು ತಿಂಗಳಿಗೆ ಹೆರಿಗೆಯಾದಾಗ ರಕ್ತನಾಳಗಳು ಅರ್ಧದಾರಿಯಲ್ಲಿಯೇ ಇರುತ್ತವೆ. ಜನನದ ನಂತರ ಕೆಲವು ಶಿಶುಗಳಲ್ಲಿ ಅವು ತಾವಾಗಿಯೇ ಸರಿಯಾಗಿ ಬೆಳೆಯುತ್ತವೆ. ಇನ್ನು ಕೆಲವರಲ್ಲಿ ಮೊದಲು ಬೆಳವಣಿಗೆ ನಿಂತು, ನಂತರ ಅಡ್ಡಾದಿಡ್ಡಿಯಾಗಿ ಹೊಸ ನಾಳಗಳು ಹುಟ್ಟಿ, ಅಕ್ಷಿಪಟಲವನ್ನು ಎಳೆದು ಕಿತ್ತುಬಿಡುತ್ತವೆ. ಈ ಕಾಯಿಲೆಗೆ ವೈದ್ಯರು ಆರ್‌ಒಪಿ ಎಂದು ಕರೆಯುತ್ತಾರೆ. ಶಿಶುವನ್ನು ಬದುಕಿಸಲು ನೀಡುವ ಆಮ್ಲಜನಕವು ಅಳತೆ ಮೀರಿದಾಗ ಈ ಕಾಯಿಲೆಯ ಸಂಭವ ಹೆಚ್ಚುತ್ತದೆ. ಹಾಗೆಂದು ಆಮ್ಲಜನಕ ನೀಡುವುದೇ ತಪ್ಪೆಂದು ಪಾಲಕರು ಭಾವಿಸಬಾರದು. ಅದಿಲ್ಲದೆ ಎಷ್ಟೋ ಶಿಶುಗಳು ಉಳಿಯುತ್ತಲೇ ಇರಲಿಲ್ಲ.

ಈ ಕಾಯಿಲೆಯಲ್ಲಿ ಕಣ್ಣು ಹೊರಗಿನಿಂದ ಪೂರ್ಣ ಸಹಜವಾಗಿಯೇ ಕಾಣುತ್ತದೆ. ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ, ಶಿಶುವಿಗೆ ನೋವೂ ಇರುವುದಿಲ್ಲ. ತಾಯಿಯಾಗಲಿ, ಅನುಭವಿ ಅಜ್ಜಿಯಾಗಲಿ, ಮಕ್ಕಳ ವೈದ್ಯರಾಗಲಿ ಬರಿಗಣ್ಣಿನಿಂದ ಇದನ್ನು ಗುರುತಿಸಲಾರರು. ಪಾಪೆಯನ್ನು ಹಿಗ್ಗಿಸುವ ಹನಿಗಳನ್ನು ಹಾಕಿ, ತರಬೇತಿ ಪಡೆದ ನೇತ್ರತಜ್ಞರು ವಿಶೇಷ ಉಪಕರಣದಿಂದ ಅಕ್ಷಿಪಟಲವನ್ನು ನೋಡಿದಾಗ ಮಾತ್ರ ತಿಳಿಯುತ್ತದೆ. ಮಗು ಮುಖ ನೋಡುತ್ತಿಲ್ಲವೆಂದು ಮನೆಯವರಿಗೆ ಅನುಮಾನ ಬರುವುದು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ. ಆ ವೇಳೆಗೆ ಚಿಕಿತ್ಸೆಯ ಕಾಲ ಬಹುತೇಕ ಮೀರಿರುತ್ತದೆ.

ಯಾವ ಶಿಶುಗಳಿಗೆ ತಪಾಸಣೆ ಕಡ್ಡಾಯವಾಗಿ ಆಗಬೇಕು? ಜನನ ತೂಕ 2000 ಗ್ರಾಂಗಿಂತ ಕಡಿಮೆ ಇರುವ, ಅಥವಾ 34 ವಾರಗಳು ತುಂಬುವ ಮೊದಲೇ ಜನಿಸಿದ ಎಲ್ಲ ಶಿಶುಗಳಿಗೆ. 34ರಿಂದ 36 ವಾರಗಳ ನಡುವೆ ಜನಿಸಿದ್ದರೂ ಉಸಿರಾಟದ ತೊಂದರೆ, ದೀರ್ಘಕಾಲದ ಆಮ್ಲಜನಕ, ರಕ್ತದ ಸೋಂಕು, ರಕ್ತಪೂರಣ ಮೊದಲಾದ ಕಾರಣಗಳಿದ್ದಲ್ಲಿ ಅವರಿಗೂ ಅಗತ್ಯ. ಅಮೆರಿಕದಲ್ಲಿ ಈ ಮಿತಿಯು 1500 ಗ್ರಾಂ ಅಥವಾ 30 ವಾರ ಎಂದಿದೆ. ನಮ್ಮ ದೇಶದಲ್ಲಿ ಅದಕ್ಕಿಂತ ತೂಕವುಳ್ಳ ಶಿಶುಗಳಲ್ಲಿಯೂ ಕಾಯಿಲೆ ಕಂಡುಬರುವುದರಿಂದ ಮಿತಿಯನ್ನು ಹಿಗ್ಗಿಸಲಾಗಿದೆ.

ಮೊದಲ ತಪಾಸಣೆಯು ಜನಿಸಿದ 30 ದಿನಗಳೊಳಗೆ ಆಗತಕ್ಕದ್ದು. 28 ವಾರಗಳಿಗಿಂತ ಮುನ್ನ ಅಥವಾ 1200 ಗ್ರಾಂಗಿಂತ ಕಡಿಮೆ ತೂಕದಲ್ಲಿ ಜನಿಸಿದವರಿಗೆ ಎರಡರಿಂದ ಮೂರು ವಾರಗಳೊಳಗೆ ಆಗತಕ್ಕದ್ದು. ಈ ದಿನಗಳನ್ನು ಜನನದ ದಿನದಿಂದ ಎಣಿಸಬೇಕೇ ಹೊರತು ಆಸ್ಪತ್ರೆಯಿಂದ ಬಿಡುಗಡೆಯಾದ ದಿನದಿಂದ ಅಲ್ಲ. ಉದಾಹರಣೆಗೆ, ಜೂನ್ 5ರಂದು 32 ವಾರಕ್ಕೆ 1600 ಗ್ರಾಂ ತೂಕದ ಶಿಶು ಜನಿಸಿ, ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು, ಜೂನ್ 23ರಂದು ಮನೆಗೆ ಬಂದಿದೆ ಎಂದು ಭಾವಿಸಿರಿ. ಪಾಲಕರ ಕೈಯಲ್ಲಿ ಉಳಿಯುವುದು ಹನ್ನೆರಡು ದಿನ ಮಾತ್ರ. ಜುಲೈ 5ರೊಳಗೆ ಕಣ್ಣಿನ ತಪಾಸಣೆ ಮುಗಿದಿರಬೇಕು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕಾಗಿದೆ. ಈ ಭಾಗದಲ್ಲಿ ಬಾಣಂತಿ ಮತ್ತು ಕೂಸು ಒಂದೂಕಾಲು ತಿಂಗಳು ಮನೆಯ ಹೊಸ್ತಿಲು ದಾಟಬಾರದೆಂಬ ರೂಢಿ ಇದೆ. ಶೀತ, ಗಾಳಿ, ಸೋಂಕುಗಳಿಂದ ಕಾಪಾಡುವ ಉದ್ದೇಶದಿಂದ ಹಿರಿಯರು ಹಾಕಿಕೊಂಡ ಈ ಕಟ್ಟುಪಾಡು ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೆ ಯಾವ ಬಾಧಕವನ್ನೂ ಮಾಡದು. ಆದರೆ ಅವಧಿಗೆ ಮುನ್ನ ಜನಿಸಿದ ಕೂಸಿನ ಕಣ್ಣಿನ ಗಡುವು ಸರಿಯಾಗಿ ಈ ನಲವತ್ತು ದಿನಗಳ ಒಳಗೇ ಬೀಳುತ್ತದೆ. ಆದುದರಿಂದ ಕೂಸನ್ನು ಬೆಚ್ಚಗೆ ಸುತ್ತಿಕೊಂಡು, ತಾಯಿಯ ಎದೆಗೆ ಒರಗಿಸಿಕೊಂಡು, ತಪಾಸಣೆಗೆ ಕರೆದೊಯ್ಯತಕ್ಕದ್ದು. ತೊಟ್ಟಿಲು ಕಾರ್ಯಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬಾರದು.

ತಪಾಸಣೆಯ ದಿನ ಪಾಪೆ ಹಿಗ್ಗಲು ಒಂದು ಗಂಟೆಯಷ್ಟು ಕಾಲ ಹಿಡಿಯುತ್ತದೆ. ವಾಂತಿಯಾಗದಂತೆ ತಪಾಸಣೆಗೆ ತುಸು ಮುನ್ನ ಹಾಲೂಡಿಸುವುದನ್ನು ನಿಲ್ಲಿಸಲು ಸಿಬ್ಬಂದಿ ತಿಳಿಸುತ್ತಾರೆ. ಶಿಶು ಅಳುತ್ತದೆ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಕೊಯ್ಯುವುದು, ಚುಚ್ಚುವುದು ತಪಾಸಣೆಯಲ್ಲಿ ಇಲ್ಲ. ಒಮ್ಮೆ ನೋಡಿದರೆ ಮುಗಿಯಿತೆಂದೂ ತಿಳಿಯಬಾರದು: ಅಕ್ಷಿಪಟಲ ಪೂರ್ಣ ಬಲಿಯುವವರೆಗೆ ಒಂದು ಅಥವಾ ಎರಡು ವಾರಗಳಿಗೊಮ್ಮೆ ಮತ್ತೆ ಬರುವಂತೆ ವೈದ್ಯರು ಹೇಳುತ್ತಾರೆ. ಚಿಕಿತ್ಸೆ ಬೇಕೆಂದು ಕಂಡುಬಂದಲ್ಲಿ ಲೇಸರ್ ಮೂಲಕ ಅಥವಾ ಕಣ್ಣಿನೊಳಗೆ ಔಷಧದ ಚುಚ್ಚುಮದ್ದಿನ ಮೂಲಕ ಎರಡು ಮೂರು ದಿನಗಳೊಳಗೆ ನೀಡಬೇಕಾಗುತ್ತದೆ. “ಹಬ್ಬ ಮುಗಿಸಿಕೊಂಡು ಬರುತ್ತೇವೆ” ಎಂಬ ಮಾತಿಗೆ ಅಲ್ಲಿ ಸ್ಥಳವಿಲ್ಲ.

ಇಂತಹ ತಪಾಸಣೆಯನ್ನು ಜಿಲ್ಲಾ ಮಟ್ಟಕ್ಕೆ ತರುವ ಕೆಲಸದಲ್ಲಿ ಕರ್ನಾಟಕವು ದೇಶಕ್ಕೆ ಮಾದರಿಯಾಗಿದೆ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆಯನ್ನು ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾದೊಂದಿಗೆ ಊರೂರಿನ ನವಜಾತ ಶಿಶು ಘಟಕಗಳಿಗೆ ತೆರಳಿ, ಅಕ್ಷಿಪಟಲದ ಚಿತ್ರ ತೆಗೆದು, ಅಂತರ್ಜಾಲದ ಮೂಲಕ ದೂರದ ತಜ್ಞರಿಗೆ ಕಳುಹಿಸುವ ವ್ಯವಸ್ಥೆ ಇದು. ತಜ್ಞರ ಕೊರತೆಯಿರುವ ಕಡೆಯೂ ತಪಾಸಣೆ ಸಾಧ್ಯವೆಂಬುದನ್ನು ಇದು ತೋರಿಸಿಕೊಟ್ಟಿತು.

ತಪಾಸಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ 2015ರ ಜುಲೈ ತಿಂಗಳ ತೀರ್ಪೊಂದು ಸಾಕ್ಷಿಯಾಗಿದೆ. ತಮಿಳುನಾಡಿನಲ್ಲಿ 1996ರಲ್ಲಿ 29 ವಾರಕ್ಕೆ, 1250 ಗ್ರಾಂ ತೂಕದಲ್ಲಿ ಜನಿಸಿದ ಹೆಣ್ಣು ಶಿಶುವಿಗೆ ಈ ತಪಾಸಣೆ ಆಗಲಿಲ್ಲ; ಪಾಲಕರಿಗೆ ಎಚ್ಚರಿಕೆಯನ್ನೂ ನೀಡಿರಲಿಲ್ಲ. ಮಗು ದೃಷ್ಟಿ ಕಳೆದುಕೊಂಡಿತು. ಸುಮಾರು 1.8 ಕೋಟಿ ರೂಪಾಯಿ ಪರಿಹಾರ ನೀಡುವಂತೆ ನ್ಯಾಯಾಲಯ ಆದೇಶಿಸಿತು. ಆ ವೇಳೆಗೆ ಆ ಹುಡುಗಿಗೆ ಹದಿನೆಂಟು ವರ್ಷ ತುಂಬಿತ್ತು. ಬಿಡುಗಡೆಯ ಸಮಯದಲ್ಲಿ “ಕಣ್ಣಿನ ತಪಾಸಣೆ ಯಾವಾಗ, ಎಲ್ಲಿ?” ಎಂದು ಕೇಳುವುದು ಪಾಲಕರ ಹಕ್ಕು, ಕೇಳಲು ಸಂಕೋಚಪಡಬಾರದು.

ಗಡಿಯಾಚೆ ಅಥವಾ ತವರಿನಲ್ಲಿ ಹೆರಿಗೆಯಾದಲ್ಲಿ

ಈ ಐದು ತಾಲ್ಲೂಕುಗಳ ಪರಿಸ್ಥಿತಿ ಉಳಿದ ಕಡೆಗಿಂತ ಭಿನ್ನವಾಗಿದೆ. ಕಾಗವಾಡದಿಂದ ಮಿರಜ ಹತ್ತಿರ, ಬೆಳಗಾವಿ ದೂರ. ಅಥಣಿಯವರಿಗೂ ಜಿಲ್ಲಾ ಕೇಂದ್ರಕ್ಕಿಂತ ಮಿರಜ, ಸಾಂಗಲಿಗಳೇ ಸಮೀಪ. ನಿಪ್ಪಾಣಿಯವರು ಹೆದ್ದಾರಿ ಹಿಡಿದು ಕೊಲ್ಹಾಪುರಕ್ಕೆ ಹೋಗುವುದು ವಾಡಿಕೆ. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳಲ್ಲಿ ರೈಲು ಹತ್ತಿದರೆ ಮಿರಜ ತಲುಪಬಹುದು. ಮದುವೆ ಸಂಬಂಧಗಳೂ ಗಡಿಯ ಎರಡೂ ಬದಿಗೆ ಹರಡಿರುವುದರಿಂದ ಚೊಚ್ಚಲ ಹೆರಿಗೆ ತವರಿನಲ್ಲಿ, ಅಂದರೆ ಬೇರೆ ತಾಲ್ಲೂಕಿನಲ್ಲಿ ಅಥವಾ ಬೇರೆ ರಾಜ್ಯದಲ್ಲಿ ಆಗುವುದೂ ಸಾಮಾನ್ಯ.

ಹೀಗಾಗಿ ಶಿಶು ಒಂದು ಕಡೆ ಜನಿಸಿ, ಎರಡನೆಯ ಕಡೆ ಚಿಕಿತ್ಸೆ ಪಡೆದು, ಮೂರನೆಯ ಕಡೆ ಬೆಳೆಯುತ್ತದೆ. ಹೆರಿಗೆಯಾದ ಆಸ್ಪತ್ರೆಯವರು ಊರಿನಲ್ಲಿ ತಪಾಸಣೆ ಆಗುವುದೆಂದು ತಿಳಿಯುತ್ತಾರೆ. ಗಂಡನ ಮನೆಯ ಊರಿನ ಆಶಾ ಕಾರ್ಯಕರ್ತೆಗೆ ಕೂಸು ಬಂದಿರುವುದೇ ತಿಳಿದಿರುವುದಿಲ್ಲ. ಕಾಯಿಲೆಗಿಂತ ಹೆಚ್ಚಾಗಿ ಈ ನಡುವಣ ಬಿರುಕೇ ಮಗುವಿನ ಕಣ್ಣಿಗೆ ಅಪಾಯಕಾರಿ.

ಇದನ್ನು ತಪ್ಪಿಸಲು ಆಸ್ಪತ್ರೆಯಿಂದ ಹೊರಡುವ ಮುನ್ನ ಬಿಡುಗಡೆ ಪತ್ರದಲ್ಲಿ ಈ ವಿವರಗಳನ್ನು ಬರೆಯಿಸಿಕೊಳ್ಳತಕ್ಕದ್ದು: ಎಷ್ಟು ವಾರಕ್ಕೆ ಹೆರಿಗೆಯಾಯಿತು, ಜನನ ತೂಕವೆಷ್ಟು, ಎಷ್ಟು ದಿನ ಆಮ್ಲಜನಕ ನೀಡಲಾಯಿತು, ಕಣ್ಣಿನ ತಪಾಸಣೆ ಆಗಿದೆಯೇ, ಆಗಿದ್ದರೆ ಎರಡೂ ಕಣ್ಣುಗಳ ಸ್ಥಿತಿ ಏನು, ಮುಂದಿನ ತಪಾಸಣೆಯ ದಿನಾಂಕ ಯಾವುದು. ಪತ್ರ ಮರಾಠಿಯಲ್ಲಿದ್ದರೂ ಇಂಗ್ಲಿಷಿನಲ್ಲಿದ್ದರೂ ಅಡ್ಡಿಯಿಲ್ಲ. ಅಂಕಿಗಳೂ ದಿನಾಂಕವೂ ಸ್ಪಷ್ಟವಾಗಿದ್ದರೆ ಸಾಕು. ಮನೆಗೆ ಬಂದ ದಿನವೇ ಆಶಾ ಕಾರ್ಯಕರ್ತೆಗೆ ಅಥವಾ ಉಪಕೇಂದ್ರದ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಶಿಶುಗಳ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡುವ ವ್ಯವಸ್ಥೆಯಿದೆ. 28ನೆಯ ದಿನದ ಭೇಟಿಯ ವೇಳೆಗೂ ಕಣ್ಣಿನ ತಪಾಸಣೆ ಆಗಿರದಿದ್ದಲ್ಲಿ ಅಂದೇ ಕ್ರಮ ಕೈಗೊಳ್ಳಬೇಕು.

ಮೊದಲ ತಪಾಸಣೆ ಗಡಿಯಾಚೆ ಆಗಿದ್ದಲ್ಲಿ ಮರುತಪಾಸಣೆಯನ್ನು ಅಲ್ಲಿಯೇ ಮುಂದುವರಿಸಬಹುದು, ಇಲ್ಲವೇ ಇಲ್ಲಿಗೆ ಬದಲಾಯಿಸಿಕೊಳ್ಳಬಹುದು. ಯಾವುದಾದರೊಂದು ಕಡೆ ಆಗಲೇಬೇಕು ಎಂಬುದಷ್ಟೇ ಮುಖ್ಯ.

ಕೃಷ್ಣಾ ನದಿ ತೀರದ ಗ್ರಾಮಸ್ಥರಿಗೆ ಮತ್ತೊಂದು ಸೂಚನೆ: 2019ರ ಮತ್ತು 2021ರ ಪ್ರವಾಹದಲ್ಲಿ ಈ ತಾಲ್ಲೂಕುಗಳ ಹಲವು ಗ್ರಾಮಗಳಿಗೆ ನೀರು ನುಗ್ಗಿ ಕುಟುಂಬಗಳು ಪರಿಹಾರ ಕೇಂದ್ರಗಳಿಗೆ ತೆರಳಬೇಕಾಯಿತು. ಇಂತಹ ಸಂದರ್ಭಗಳಲ್ಲಿ ಕಾಗದಪತ್ರಗಳು ಕಳೆದುಹೋಗುತ್ತವೆ. ತಾಯಿ ಕಾರ್ಡ್ ಹಾಗೂ ಬಿಡುಗಡೆ ಪತ್ರದ ಎಲ್ಲ ಪುಟಗಳ ಛಾಯಾಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಉತ್ತಮ.

ಎಲ್ಲ ಶಿಶುಗಳ ಪಾಲಕರು ಮನೆಯಲ್ಲಿ ಗಮನಿಸಬೇಕಾದುದು

ತಿಂಗಳು ತುಂಬಿ ಜನಿಸಿದ ಶಿಶುವಿಗೂ ಕಣ್ಣಿನ ದೋಷಗಳು ಬರಬಹುದು. ಹುಟ್ಟಿದ ಕೂಸಿಗೆ ದೃಷ್ಟಿ ಮಸುಕಾಗಿಯೇ ಇರುತ್ತದೆ. ಆರರಿಂದ ಎಂಟು ವಾರಗಳಲ್ಲಿ ತಾಯಿಯ ಮುಖವನ್ನು ದಿಟ್ಟಿಸಿ ನಗತೊಡಗುತ್ತದೆ. ಮೂರು ತಿಂಗಳ ವೇಳೆಗೆ ಮುಂದೆ ಆಡಿಸಿದ ಬಣ್ಣದ ವಸ್ತುವನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಸದ್ದು ಮಾಡುವ ಗಿಲಕಿಯಿಂದ ಇದನ್ನು ಪರೀಕ್ಷಿಸಬಾರದು. ಸದ್ದಿಗೆ ತಿರುಗುವುದನ್ನು ನೋಟವೆಂದು ತಪ್ಪು ತಿಳಿಯುವ ಸಂಭವವಿದೆ. ಬಣ್ಣದ ಉಲ್ಲನ್ ಉಂಡೆಯಂತಹ ಮೌನ ವಸ್ತು ಇದಕ್ಕೆ ಯೋಗ್ಯ.

ಪಾಪೆಯಲ್ಲಿ ಬಿಳಿ ಕಂಡರೆ ಒಂದು ದಿನವೂ ಕಾಯಬಾರದು. ಅದು ಹುಟ್ಟಿನಿಂದ ಬಂದ ಪೊರೆಯಿರಬಹುದು. ಪೊರೆ ವಯಸ್ಸಾದವರಿಗೆ ಮಾತ್ರ ಬರುತ್ತದೆ, ಅದು ಬಲಿತ ಮೇಲೆ ತೆಗೆಸಬೇಕು ಎಂಬ ನಂಬಿಕೆ ಮಕ್ಕಳ ವಿಷಯದಲ್ಲಿ ಬಹಳ ಹಾನಿ ಮಾಡಿದೆ. ಶಿಶುವಿನ ಪೊರೆಗೆ ಹುಟ್ಟಿದ ಆರರಿಂದ ಎಂಟು ವಾರಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಫಲ ಉತ್ತಮವಾಗಿರುತ್ತದೆ. ಬೆಳಕು ಒಳಹೋಗದ ಕಣ್ಣಿನಿಂದ ನೋಡುವುದನ್ನು ಮೆದುಳು ಕಲಿಯುವುದೇ ಇಲ್ಲ. ಮುಂದೆ ಪೊರೆ ತೆಗೆದರೂ ಪೂರ್ಣ ನೋಟ ಬಾರದು. ಬಿಳಿ ಪಾಪೆಯು ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರಿನ ಚಿಹ್ನೆಯೂ ಆಗಿರಬಹುದು. ಇದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕಂಡುಬರುತ್ತದೆ. ಫ್ಲ್ಯಾಷ್ ಬಳಸಿ ತೆಗೆದ ಛಾಯಾಚಿತ್ರದಲ್ಲಿ ಒಂದು ಕಣ್ಣು ಕೆಂಪಾಗಿ, ಮತ್ತೊಂದು ಬೆಳ್ಳಗೆ ಹೊಳೆದರೆ ಆ ಚಿತ್ರವನ್ನೇ ವೈದ್ಯರಿಗೆ ತೋರಿಸಬೇಕು. ಮೊದಲೇ ಪತ್ತೆಯಾದಲ್ಲಿ ಜೀವವನ್ನೂ ಅನೇಕ ವೇಳೆ ಕಣ್ಣನ್ನೂ ಉಳಿಸಬಹುದು.

ಕಣ್ಣುಗುಡ್ಡೆ ಅಸಹಜವಾಗಿ ದೊಡ್ಡದಾಗಿ ಮಂಜು ಕವಿದಂತಿದ್ದು, ಬೆಳಕಿಗೆ ಕಣ್ಣು ಬಿಡದಿದ್ದಲ್ಲಿ ಅದು ಶಿಶುಗಳ ಗ್ಲಾಕೋಮಾ ಇರಬಹುದು. ನೋಡುವವರು “ಎಷ್ಟು ದೊಡ್ಡ ಕಣ್ಣು” ಎಂದು ಮೆಚ್ಚುವುದುಂಟು; ಮಂಜು ಮತ್ತು ನೀರು ಜೊತೆಗಿದ್ದರೆ ಮೆಚ್ಚುವಂತಹದಲ್ಲ. ಹುಟ್ಟಿದ ಮೊದಲ ತಿಂಗಳಲ್ಲಿ ಕಣ್ಣಿನಿಂದ ಕೀವು ಸುರಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೇವಲ ನೀರು ಬರುತ್ತಿದ್ದರೆ ಕಣ್ಣೀರಿನ ನಾಳ ತೆರೆದಿರುವುದಿಲ್ಲ. ಅದು ಬಹುಪಾಲು ಒಂದು ವರ್ಷದೊಳಗೆ ಸರಿಹೋಗುತ್ತದೆ, ಆದರೂ ಒಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಬೇಕು.

ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ನಂಬುವವರು ಇನ್ನೂ ಇದ್ದಾರೆ. ಮೊದಲ ಕೆಲವು ತಿಂಗಳು ಕಣ್ಣುಗಳು ಆಗಾಗ ಓರೆಯಾಗುವುದು ಸಹಜ; ಆರು ತಿಂಗಳ ನಂತರವೂ ಹಾಗೆಯೇ ಇದ್ದರೆ ಅಥವಾ ಯಾವಾಗಲೂ ಓರೆಯಾಗಿಯೇ ಇದ್ದರೆ ತಪಾಸಣೆ ಅಗತ್ಯ. ಓರೆಯಾದ ಕಣ್ಣಿನ ಬಿಂಬವನ್ನು ಮೆದುಳು ತಿರಸ್ಕರಿಸುತ್ತಾ ಹೋಗಿ ಆ ಕಣ್ಣು “ಸೋಮಾರಿ ಕಣ್ಣು” ಆಗುತ್ತದೆ. ಕನ್ನಡಕ ಮತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುವ ಚಿಕಿತ್ಸೆ ಏಳೆಂಟು ವರ್ಷದೊಳಗೆ ಚೆನ್ನಾಗಿ ಫಲಿಸುತ್ತದೆ.

ಕೂಸಿನ ಕಣ್ಣಿಗೆ ಕಾಡಿಗೆ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಇತ್ಯಾದಿಗಳನ್ನು ಹಾಕಬಾರದು. ದೃಷ್ಟಿಬೊಟ್ಟು ಇಡಬೇಕೆನಿಸಿದರೆ ಕಣ್ಣಿನಿಂದ ದೂರದಲ್ಲಿ, ಪಾದದ ಬಳಿ ಇಡಬಹುದು. ತಂಬಾಕಿನೊಂದಿಗೆ ಬಳಸುವ ಸುಣ್ಣದ ಪೊಟ್ಟಣ ಅಥವಾ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಮೊದಲು ಅರ್ಧ ಗಂಟೆ ಧಾರಾಳವಾಗಿ ಶುದ್ಧ ನೀರಿನಿಂದ ತೊಳೆದು, ಅನಂತರ ಆಸ್ಪತ್ರೆಗೆ ಧಾವಿಸಬೇಕು.

ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳಲ್ಲಿ ಕೆಲವು ಆನುವಂಶಿಕ ಕಣ್ಣಿನ ಕಾಯಿಲೆಗಳ ಸಂಭವ ಹೆಚ್ಚು. ಸೋದರಮಾವ ಅಥವಾ ಸೋದರತ್ತೆಯ ಕಡೆ ಸಂಬಂಧ ಮಾಡಿಕೊಂಡವರು, ಕುಟುಂಬದಲ್ಲಿ ಚಿಕ್ಕಂದಿನಿಂದ ದೃಷ್ಟಿದೋಷ ಇರುವವರು ಇದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.

ವಿಟಮಿನ್ ಎ ಮತ್ತು ಲಸಿಕೆ

ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ ಲಸಿಕೆಯೊಂದಿಗೆ ವಿಟಮಿನ್ ಎ ದ್ರಾವಣದ ಮೊದಲ ವರಸೆ (1 ಲಕ್ಷ ಯೂನಿಟ್), ನಂತರ ಒಂದೂವರೆ ವರ್ಷದ ಸುಮಾರಿಗೆ ಎರಡನೆಯದು (2 ಲಕ್ಷ ಯೂನಿಟ್), ಆಮೇಲೆ ಆರು ತಿಂಗಳಿಗೊಮ್ಮೆ ಐದು ವರ್ಷದವರೆಗೆ, ಹೀಗೆ ಒಟ್ಟು ಒಂಬತ್ತು ವರಸೆಗಳನ್ನು ನೀಡಲಾಗುತ್ತದೆ. ಮೊದಲೆರಡು ಲಸಿಕೆಯ ಜೊತೆಗೆ ತಪ್ಪದೆ ಸಿಗುತ್ತವೆ, ಬಿಟ್ಟುಹೋಗುವುದು ಅನಂತರದವು. ಸಂಜೆಯಾದೊಡನೆ ಮಗು ತಡವರಿಸಿ ನಡೆದರೆ, ಬಿಳಿಗುಡ್ಡೆಯ ಮೇಲೆ ನೊರೆಯಂತಹ ಮಚ್ಚೆ ಕಂಡರೆ ವಿಟಮಿನ್ ಎ ಕೊರತೆಯೆಂದು ತಿಳಿಯಬೇಕು. ನುಗ್ಗೆ ಸೊಪ್ಪು, ಮೆಂತ್ಯೆ, ರಾಜಗಿರಿ, ಗಜ್ಜರಿ, ಪಪ್ಪಾಯಿಗಳನ್ನು ಊಟದಲ್ಲಿ ಸೇರಿಸಬೇಕು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಶಿಶುವಿಗೆ ಪೊರೆ, ಕಿವುಡುತನ ಹಾಗೂ ಹೃದಯದ ದೋಷ ಬರಬಹುದು. ಕರ್ನಾಟಕದಲ್ಲಿ ಈ ಲಸಿಕೆಯ ಅಭಿಯಾನ 2017ರಲ್ಲಿ ನಡೆಯಿತು. ಅಂದಿನಿಂದ ನಿಯಮಿತ ಲಸಿಕಾ ಪಟ್ಟಿಯಲ್ಲಿ ಇದು ಸೇರಿದೆ.

ಅಂಗನವಾಡಿಯಲ್ಲಿ ತಪಾಸಣೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) 2013ರಲ್ಲಿ ಜಾರಿಗೆ ಬಂದಿತು. ಇದರಡಿ ವೈದ್ಯರು, ಔಷಧ ವಿತರಕರು ಮತ್ತು ಶುಶ್ರೂಷಕಿಯರನ್ನು ಒಳಗೊಂಡ ಸಂಚಾರಿ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡುತ್ತದೆ. ಹುಟ್ಟಿನ ಪೊರೆ, ಆರ್‌ಒಪಿ, ದೃಷ್ಟಿದೋಷ, ವಿಟಮಿನ್ ಎ ಕೊರತೆ ಇವೆಲ್ಲವೂ ಈ ಕಾರ್ಯಕ್ರಮದ ಪಟ್ಟಿಯಲ್ಲಿವೆ. ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಮುಂಚಿತವಾಗಿ ತಿಳಿದುಕೊಂಡು, ಅಂಗನವಾಡಿಗೆ ಇನ್ನೂ ಸೇರದ ಕೂಸುಗಳನ್ನೂ ಅಂದು ಕರೆತರಬಹುದು. ತಂಡದ ಭೇಟಿ ದೂರವಿದ್ದಲ್ಲಿ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ತೋರಿಸಬಹುದು.

ಕಬ್ಬು ಕಟಾವಿನ ಹಂಗಾಮಿನಲ್ಲಿ ಹೊರಜಿಲ್ಲೆ ಮತ್ತು ಹೊರರಾಜ್ಯಗಳಿಂದ ಕುಟುಂಬಗಳು ಬಂದು ಕಾರ್ಖಾನೆಗಳ ಸುತ್ತಮುತ್ತ ಗುಡಿಸಲು ಹಾಕಿಕೊಳ್ಳುತ್ತವೆ. ಈ ಮಕ್ಕಳು ತಮ್ಮ ಊರಿನ ತಪಾಸಣೆಯಲ್ಲೂ ಇರುವುದಿಲ್ಲ, ಇಲ್ಲಿಯ ಪಟ್ಟಿಯಲ್ಲೂ ಇರುವುದಿಲ್ಲ. ಗುಡಿಸಲು ಇರುವ ಜಾಗದ ಅಂಗನವಾಡಿಗೆ ಮಕ್ಕಳನ್ನು ಕಳುಹಿಸುವಂತೆ ಗ್ಯಾಂಗಿನ ಮುಕಾದಮರೂ ಹೊಲದ ಮಾಲೀಕರೂ ಅವರಿಗೆ ತಿಳಿಸಿದರೆ ಉಪಕಾರವಾಗುವುದು.

ಶುಲ್ಕ, ದಾಖಲೆಗಳು ಮತ್ತು ಮುಂದಿನ ಚಿಕಿತ್ಸೆ

ತಪಾಸಣೆಗೆ ಅರ್ಜಿ ನಮೂನೆಯಾಗಲಿ ಶುಲ್ಕವಾಗಲಿ ಇರುವುದಿಲ್ಲ. ತಾಯಿ ಕಾರ್ಡ್ ಮತ್ತು ಬಿಡುಗಡೆ ಪತ್ರ ತಂದರೆ ಸಾಕು. ಅವು ಇಲ್ಲವೆಂಬ ಕಾರಣಕ್ಕೆ ಪಾಲಕರು ಮನೆಯಲ್ಲಿ ಉಳಿಯಬಾರದು. ದೋಷ ಕಂಡುಬಂದಲ್ಲಿ ಸಂಚಾರಿ ತಂಡವು ಶಿಫಾರಸು ಚೀಟಿ ನೀಡಿ ತಾಲ್ಲೂಕು ಆಸ್ಪತ್ರೆಗೆ ಅಥವಾ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತದೆ. ಒಂದು ವರ್ಷದೊಳಗಿನ ಅಸ್ವಸ್ಥ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ಔಷಧ ಮತ್ತು ಸಾಗಣೆ ಉಚಿತವಾಗಿದೆ. ಶಸ್ತ್ರಚಿಕಿತ್ಸೆ ಬೇಕಾದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನೂ ಬಳಸಿಕೊಳ್ಳಬಹುದು. ಇದಕ್ಕೆ ಪಡಿತರ ಚೀಟಿ ಹಾಗೂ ಆಧಾರ್ ಅಗತ್ಯ. ನಿಪ್ಪಾಣಿ ಮತ್ತು ಕಾಗವಾಡ ತಾಲ್ಲೂಕುಗಳು 2018ರಲ್ಲಿ ರಚನೆಯಾದುದರಿಂದ ಪಾಲಕರ ಹಳೆಯ ದಾಖಲೆಗಳಲ್ಲಿ ಚಿಕ್ಕೋಡಿ ಅಥವಾ ಅಥಣಿ ತಾಲ್ಲೂಕು ಎಂದಿರಬಹುದು. ಮಗುವಿನ ಹೆಸರನ್ನು ನೋಂದಾಯಿಸುವಾಗ ಈಗಿನ ತಾಲ್ಲೂಕು ಮತ್ತು ಗ್ರಾಮದ ಹೆಸರನ್ನು ಸ್ಪಷ್ಟವಾಗಿ ಹೇಳಬೇಕು.

ಚಿಕಿತ್ಸೆಯ ನಂತರವೂ ದೃಷ್ಟಿ ಪೂರ್ಣವಾಗಿ ಬಾರದ ಮಕ್ಕಳನ್ನು ಕೈಬಿಡಬಾರದು. ಉಳಿದಿರುವ ಅಲ್ಪ ನೋಟವನ್ನು ಬಳಸಲು, ಸ್ಪರ್ಶ ಮತ್ತು ಶ್ರವಣದಿಂದ ಕಲಿಯಲು ಮೊದಲ ಮೂರು ವರ್ಷಗಳಲ್ಲಿ ನೀಡುವ ತರಬೇತಿ ಬಹಳ ಪ್ರಯೋಜನಕಾರಿ. ಜಿಲ್ಲಾ ಆಸ್ಪತ್ರೆ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು ಈ ಉದ್ದೇಶಕ್ಕಾಗಿಯೇ ಇವೆ. ವಿಕಲಚೇತನರ ಗುರುತಿನ ಚೀಟಿಗಾಗಿ (ಯುಡಿಐಡಿ) ಪಾಲಕರು ಮಗುವಿನ ಪರವಾಗಿ ಅರ್ಜಿ ಸಲ್ಲಿಸಬಹುದು. ವೈದ್ಯಕೀಯ ಪರೀಕ್ಷೆಯ ನಂತರ ಅದನ್ನು ನೀಡಲಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಸಮೀಪದ ಶಾಲೆಯಲ್ಲಿ ಅಥವಾ ಅವರು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ.